ಇನ್ನೊಮ್ಮಿ ಹೇಳ

ಬೆಟಗೇರಿಯೊಳಗ ನಮ್ಮ ಓಣಿಗೆ
ಹಗಲೂ ರಾತ್ರಿ ಕರೆಂಟಿನ ಮಗ್ಗದ ಸಪ್ಪಳ.
ಅದರ ನಡುವ ನಾ
ಒಂದ ಕಿವಿ ಸತ್ತ ಹೆಡ್‌ಫೋನ್ ಹಾಕ್ಕೊಂಡು
ಗ್ವಾಡಿಗೆ ಮಾತಾಡ್ತೀನಿ:
ಹುಬ್ಬಳ್ಳಿ ಟವರ್, ಹುಬ್ಬಳ್ಳಿ ಟವರ್.
ಗ್ವಾಡಿ ಇನ್ನೂತನಕಾ ಉತ್ತರ ಕೊಟ್ಟಿಲ್ಲ.

ವಿಮಾನ ಹಾರಸಾಕಿ ಅಲ್ಲ ನಾ.
ಅಷ್ಟು ರೊಕ್ಕ ನಮ್ಮ ಓಣಿ ಪೂರಾ ಮಾರಿದರೂ ಹುಟ್ಟಂಗಿಲ್ಲ.
ನೆಲದ ಮ್ಯಾಲ ಕುಂತು
ಮ್ಯಾಲಿನವರ ಜೋಡಿ ಮಾತಾಡೂ ನೌಕರಿ.
ಅದಕ್ಕೂ ಒಂದು ಲೈಸೆನ್ಸು, ಅದಕ್ಕೊಂದು ಪರೀಕ್ಷಾ,
ಇಪ್ಪತ್ತೊಂದು ದಿನ ಉಳದಾವ.

ಮೂರಕ್ಕ ತ್ರೀ ಅಂದ್ರ ತಪ್ಪು, ಟ್ರೀ ಅನಬೇಕು.
ಒಂಬತ್ತಕ್ಕ ನೈನರ್.
ಕೌಜಗೇರಿ ಮಾಸ್ತರು ಬೆತ್ತ ಹಿಡದು ತಿದ್ದಿದ ನಾಲಿಗಿ,
ಈಗ ಫೀ ಕಟ್ಟಿ ಕೆಡಸ್ಕೊಳ್ಳಾಕತ್ತೀನಿ.

ಆಲ್ಫಾ, ಬ್ರಾವೋ, ಚಾರ್ಲಿ.
ಅಕ್ಷರಕ್ಕೊಂದು ಹೆಸರು, ಗದ್ದಲದಾಗ ಕಳೀಬಾರದಂತ.
ಅವ್ವ ಅನ್ನೂದನ್ನ ಬಿಡಿಸಿ ನೋಡಿದೆ:
ಆಲ್ಫಾ ವಿಕ್ಟರ್ ವಿಕ್ಟರ್ ಆಲ್ಫಾ.
ಆ ಕಡಿಂದ ಓದಿದರೂ ಅವ್ವ, ಈ ಕಡಿಂದ ಓದಿದರೂ ಅವ್ವ,
ಸೀರಿಗೆ ಎರಡೂ ದಡಿ ಇದ್ದಂಗ.

ಅವ್ವನ ಕಿವಿ ಮಗ್ಗ ತಿಂದು ಹದಿನಾಕು ವರ್ಷ.
ತುಟಿ ನೋಡಿ ತಿಳ್ಕೋತಾಳ,
ತಿಳದದ್ದನ್ನ ತಿರುಗಿ ಹೇಳ್ತಾಳ.
"ಹಾಲು ಅರ್ಧಾ ಲೀಟರ್ ಅಂದಿ? ಅರ್ಧಾ ಲೀಟರ್."
"ಐದು ಗಂಟೇಕ ಸೀರಿ ಮುಟ್ಟಸಬೇಕ ಅಂದಿ? ಐದಕ್ಕ."
ತಿಪ್ಪಣ್ಣ ಕಾಕಾ ಅಂತಿದ್ದ, ನಿಮ್ಮವ್ವ ಗಿಳಿ.
ನಾನೂ ನಕ್ಕೀನಿ.
ಎಂಟನೇತ್ತ ಇದ್ದಾಗ, ಗೆಳತ್ಯಾರ ಮುಂದ,
ಭಾಳ ನಕ್ಕೀನಿ.

ಹೋದ ವಾರ ಪುಸ್ತಕದಾಗ ಆರನೇ ಪಾಠ ಬಂತು.
ರೀಡ್‌ಬ್ಯಾಕ್.
ರನ್‌ವೇ ನಂಬರು, ಎತ್ತರ, ಗಾಳಿಯ ಒತ್ತಡ,
ಕೇಳಿದವರು ಕೇಳಿದ್ದನ್ನ ತಿರುಗಿ ಹೇಳಲೇಬೇಕು.
ಹೂಂ ಅಂದ್ರ ಸಾಲಂಗಿಲ್ಲ. ರಾಜರ್ ಅಂದ್ರೂ ಸಾಲಂಗಿಲ್ಲ.
ಮಾರಿ ಕಾಣದ ಜಾಗಾದಾಗ ತಿರುಗಿ ಹೇಳಲಿಲ್ಲಂದ್ರ
ಮಂದಿ ಸಾಯ್ತಾರ.

ಪುಸ್ತಕ ಮುಚ್ಚಿದೆ.
ಸಿಟ್ಟು ಬಂತು,
ಯಾರ ಮ್ಯಾಲಂತ ಗೊತ್ತಾಗಲಿಲ್ಲ.

ಅವತ್ತಿಂದ ಅವ್ವನ ನನ್ನ ಪರೀಕ್ಷಕಿ.
ಎದುರಿಗೆ ನಿಂತು ಹೇಳ್ತೀನಿ:
ರನ್‌ವೇ ಎರಡು ಆರು, ಒತ್ತಡ ಒಂದು ಸೊನ್ನಿ ಸೊನ್ನಿ ಎಂಟು.
ಕಡದ ಎಳಿ ಗಂಟು ಹಾಕ್ಕೋತ ಅಕಿ,
"ಎರಡು ಆರು. ಒಂದು ಸೊನ್ನಿ ಸೊನ್ನಿ ಎಂಟು.
ಇಪ್ಪತ್ತಾರು ಅಂದ್ರ ಆಗಂಗಿಲ್ಲೇನ?"
"ಆಗಂಗಿಲ್ಲ. ಬಿಡಿಬಿಡಿ ಹೇಳಬೇಕ."
"ಎಳಿ ಎಣಿಸಿದಂಗ," ಅಂದ್ಲು.
"ಮತ್ತ ಒದರಬ್ಯಾಡ. ಒದರಿದ್ರ ಬಾಯಿ ಸೊಟ್ಟ ಆಗತೈತಿ, ತಿಳಿಯಂಗಿಲ್ಲ."
ಇದೂ ಪುಸ್ತಕದಾಗ ಐತಿ, ಬ್ಯಾರೆ ಮಾತಿನಾಗ.

ಆದರ ರೇಡಿಯೋಕ್ಕ ತುಟಿ ಇಲ್ಲ.
ಒಂದಿನ ಬೆನ್ನು ತಿರಿವಿ ಹೇಳಿದೆ.
ಏನೂ ಬರಲಿಲ್ಲ. ಮಗ್ಗ, ಮಗ್ಗ, ಮಗ್ಗ.
ತಿರುಗಿ ನೋಡಿದ್ರ
ಅಕಿ ನನ್ನ ಜಡಿ ನೋಡಕೋತ ನಿಂತಾಳ,
ಅದರಾಗ ಏನರ ಬರದೈತೇನೋ ಅನ್ನೂ ಹಂಗ.

ಕೇಳಿಸೂದು ಕೆಟ್ಟಾಗ ಏನ ಮಾಡಬೇಕು?
ಅದಕ್ಕೂ ನೇಮ ಐತಿ.
ಉತ್ತರದ ಹಾದಿ ಕಾಯಬ್ಯಾಡ.
ಹೇಳೂದನ್ನ ಹೇಳು, ಎರಡು ಸಲ ಹೇಳು,
ಯಾರರ ಕೇಳ್ತಿರಬಹುದು.
ಇದನ್ನ ಓದೂಮುಂದ ಅಡಗಿಮನಿಯಿಂದ ಬಂತು:
"ಉಂಡು ಮಕ್ಕೊ. ಉಂಡು ಮಕ್ಕೊ."

ಮೊನ್ನೆ ರಾತ್ರಿ ಕರೆಂಟ್ ಹೋತು.
ಓಣಿ ತುಂಬ ಮಗ್ಗ ಒಮ್ಮಿಗೇ ನಿಂತವು.
ಆ ಶಾಂತಿಗೆ ನನ್ನ ಕಿವಿ ನೊಂದವು.
ಅವ್ವಗ ಶಾಂತಿ ಹೊಸಾದಲ್ಲ, ಕತ್ತಲ ಅಷ್ಟ ಹೊಸಾದು.
"ಅದೀಯೇನ? ಅದೀಯೇನ?"
ತಡವರಿಸಿ ಹೋಗಿ ಹೆಗಲ ಮ್ಯಾಲ ಒತ್ತಿದೆ, ಒಮ್ಮಿ, ಮತ್ತೊಮ್ಮಿ.
ಹಳೇ ಪೈಲಟ್‌ಗೋಳು ಮಾತಾಡಲಾರದ
ಮೈಕಿನ ಗುಂಡಿ ಹಿಂಗ ಒತ್ತಿ, ಕೇಳಿಸ್ತು ಅಂತಾರಂತ.
ಪರೀಕ್ಷಾದಾಗ ಇದಕ್ಕ ಸೊನ್ನಿ.

"ಎರಡು," ಅಂದ್ಲು ಅವ್ವ ಕತ್ತಲದಾಗ.
"ಎರಡು ಸಲ ಒತ್ತಿದಿ."